ಮೆಕ್ಸಿಕನ್ ಮಿಂಟ್ ಅಂತ ತರಿಸಿದರೆ ದೊಡ್ಡಪತ್ರೆ ಬಂತು! ನಿಜವಾದ ಪುದೀನ ಯಾವುದು?

ಬಾಲ್ಕನಿ ತೋಟ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ಒಂದು ನರ್ಸರಿಯಿಂದ ಮೂರು ಬಗೆ ಮಿಂಟ್ ಸಸಿ ತರಿಸಿದೆ. ಪೆಪ್ಪರ್‌ಮಿಂಟ್, ಸ್ಪಿಯರ್‌ಮಿಂಟ್, ಮೆಕ್ಸಿಕನ್ ಮಿಂಟ್ ಅಂತ ಒಂದೊಂದಕ್ಕೂ ಚೀಟಿ ಅಂಟಿಸಿ ಕಳಿಸಿದ್ದಾರೆ. ಮೂರನೇದನ್ನು ಡಬ್ಬದಿಂದ ತೆಗೆಯುತ್ತಿದ್ದ ಹಾಗೇ ನಮ್ಮ ಅತ್ತೆ ನಗೋಕೆ ಶುರು ಮಾಡಿದರು. "ಇದು ದೊಡ್ಡಪತ್ರೆ ಅಲ್ವೇನೇ? ಇದಕ್ಕೂ ದುಡ್ಡು ಕೊಟ್ಟೆಯಾ?"

ಇನ್ನೂರು ಚಿಲ್ಲರೆ ಕೊಟ್ಟಿದ್ದೇನೆ. ಹೊಟ್ಟೆ ಉರಿಯುತ್ತಿದೆ.

ಗೊತ್ತಿರುವವರು ಹೇಳಿ. ದೊಡ್ಡಪತ್ರೆಯನ್ನು ಮಿಂಟ್ ಅಂತ ಮಾರುವುದು ಮೋಸವಾ, ಇಲ್ಲ ಅದೂ ಪುದೀನದ ಜಾತಿಯಾ? ಉಳಿದ ಎರಡು ಸಸಿ ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಮಾರ್ಕೆಟ್‌ನಲ್ಲಿ ಸಿಗುವ ಪುದೀನ ಇವೆರಡರಲ್ಲಿ ಯಾವುದು? ತುಳಸಿಯೂ ಮಿಂಟ್ ಕುಟುಂಬ ಅಂತ ಎಲ್ಲೋ ಓದಿದ್ದೆ. ಹಾಗಾದರೆ ಮಿಂಟ್ ಅನ್ನೋದು ಒಂದು ಗಿಡದ ಹೆಸರಾ, ಗುಂಪಿನ ಹೆಸರಾ?

ಕಬ್ಬಿನ ಗದ್ದೆ, ಮಂಡ್ಯ

ದೊಡ್ಡಪತ್ರೆಗೆ ಕೊರಿಯರ್! ಮೇಡಂ, ನಮ್ಮ ಬಚ್ಚಲು ನೀರು ಹೋಗುವ ಕಡೆ ಪೊದೆಯೇ ಇದೆ. ಮುಂದಿನ ಸಲ ಬಸ್ಸಿನಲ್ಲಿ ಕಳಿಸುತ್ತೇನೆ, ಕಂಡಕ್ಟರಿಗೆ ಟೀ ಕೊಡಿಸಿ ಸಾಕು.

ಸಸ್ಯದ ಮೇಷ್ಟ್ರು, ಧಾರವಾಡ

ಮೋಸ ಅಂತ ಕೇಸು ಹಾಕಿದರೆ ನಿಲ್ಲುವುದಿಲ್ಲ. ಹಾಗಂತ ಅವರು ಮಾಡಿದ್ದು ಸರಿ ಅಂತಲೂ ಅಲ್ಲ.

ಮಿಂಟ್ ಎಂಬ ಹೆಸರನ್ನು ಜನ ಮೂರು ಅಳತೆಯಲ್ಲಿ ಬಳಸುತ್ತಾರೆ. ದೊಡ್ಡ ಅಳತೆಯಲ್ಲಿ ಅದು ಲೇಮಿಯೇಸಿ ಎಂಬ ಇಡೀ ಕುಟುಂಬ. ಸುಮಾರು 7,000 ಜಾತಿಗಳಿವೆ. ತುಳಸಿ, ಕಾಮಕಸ್ತೂರಿ, ತುಂಬೆ, ಮರುಗ, ಪಚ್ಚೆತೆನೆ, ದೊಡ್ಡಪತ್ರೆ, ಲಕ್ಕಿಗಿಡ ಎಲ್ಲ ಇದರೊಳಗೆ ಬರುತ್ತವೆ. ಎರಡನೇ ಅಳತೆ ಮೆಂಥಾ ಎಂಬ ಕುಲ. ಅದರಲ್ಲಿ ಇಪ್ಪತ್ತು ಚಿಲ್ಲರೆ ಜಾತಿಗಳು, ಜೊತೆಗೆ ಲೆಕ್ಕ ತಪ್ಪುವಷ್ಟು ಮಿಶ್ರತಳಿಗಳು. ಗಿಡ ಬಲ್ಲವರು ಮಿಂಟ್ ಅಂದರೆ ಈ ಕುಲ. ಮೂರನೇದು ಅಡುಗೆಮನೆಯ ಅಳತೆ. ನಾವು ಪುದೀನ ಅನ್ನುವುದು ಹೆಚ್ಚಿನ ಕಡೆ ಒಂದೇ ಜಾತಿಗೆ: ಮೆಂಥಾ ಸ್ಪೈಕೇಟಾ. ನಿಮ್ಮ ಚೀಟಿಯಲ್ಲಿರುವ ಸ್ಪಿಯರ್‌ಮಿಂಟ್ ಅದೇ.

ದೊಡ್ಡಪತ್ರೆ ಮೊದಲನೇ ಅಳತೆಗೆ ಮಾತ್ರ ಸೇರುತ್ತದೆ. ಅದರ ಕುಲ ಕೋಲಿಯಸ್. ಪೂರ್ತಿ ಹೆಸರು ಕೋಲಿಯಸ್ ಅಂಬೋಯಿನಿಕಸ್. ಇಂಡೋನೇಷ್ಯಾದ ಅಂಬೋನ್ ದ್ವೀಪದ ಹೆಸರು ಅದಕ್ಕೆ ಅಂಟಿಕೊಂಡಿದೆ, ಆದರೆ ಗಿಡದ ಮೂಲ ಆಫ್ರಿಕಾ ಕಡೆ. ಮೆಕ್ಸಿಕೋಗೂ ಅದರ ಹುಟ್ಟಿಗೂ ಏನೂ ಸಂಬಂಧ ಇಲ್ಲ. ಕ್ಯೂಬನ್ ಒರೆಗಾನೊ, ಇಂಡಿಯನ್ ಬೋರೇಜ್ ಅಂತಲೂ ಇದನ್ನೇ ಮಾರುತ್ತಾರೆ. ಕ್ಯೂಬಾದ್ದೂ ಅಲ್ಲ, ಒರೆಗಾನೊವೂ ಅಲ್ಲ, ಬೋರೇಜ್ ಅಂತೂ ಬೇರೆ ಕುಟುಂಬವೇ.

ಇನ್ನೊಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ತೇಗದ ಮರವೂ ಪುದೀನದ ಕುಟುಂಬ.

ಕಬ್ಬಿನ ಗದ್ದೆ, ಮಂಡ್ಯ

ತೇಗ?? ಮೇಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ಏನ್ ಸಾರ್ ಇದು.

ದಾಂಡೇಲಿ ದಾರಿ

ಮೇಷ್ಟ್ರು ಹೇಳುವುದು ನಿಜ. ನಮ್ಮ ಕಾಲದ ಪುಸ್ತಕದಲ್ಲಿ ತೇಗ ವರ್ಬಿನೇಸಿ ಕುಟುಂಬದಲ್ಲಿತ್ತು, ಲಂಟಾನ ಜೊತೆಗೆ. ಆಮೇಲೆ ತೇಗ, ಶಿವನಿ, ಲಕ್ಕಿ ಎಲ್ಲವನ್ನೂ ಲೇಮಿಯೇಸಿಗೆ ತಂದು ಹಾಕಿದರು. ಡಿಎನ್ಎ ನೋಡಿದಾಗ ಇವು ತುಳಸಿ, ಪುದೀನಕ್ಕೇ ಹತ್ತಿರ ಅಂತ ಖಾತ್ರಿ ಆಯಿತು.

ಇದನ್ನು ನೋಡೋಕೆ ಲ್ಯಾಬ್ ಬೇಡ. ತೇಗದ ಎಳೆಯ ಚಿಗುರು ಕಡ್ಡಿ ಮುರಿದು ಬೆರಳಲ್ಲಿ ಹೊರಳಿಸಿ. ದುಂಡಗೆ ಉರುಳುವುದಿಲ್ಲ. ನಾಲ್ಕು ಮೂಲೆ ಕೈಗೆ ಸಿಗುತ್ತವೆ. ಎಲೆಗಳು ಎದುರುಬದುರು, ಒಂದು ಜೊತೆ ಪೂರ್ವ ಪಶ್ಚಿಮ ಇದ್ದರೆ ಮೇಲಿನ ಜೊತೆ ಉತ್ತರ ದಕ್ಷಿಣ. ಮನೆಗೆ ಬಂದು ಪುದೀನದ ಕಡ್ಡಿ ಹಿಡಿದು ನೋಡಿ, ಅದೇ ಚೌಕ, ಅದೇ ಜೋಡಣೆ. ಕಟ್ಟೆಯ ತುಳಸಿಯಲ್ಲೂ ಅದೇ.

ಸಸ್ಯದ ಮೇಷ್ಟ್ರು, ಧಾರವಾಡ

ಸರಿಯಾಗಿ ಹೇಳಿದಿರಿ. ಒಂದೇ ಎಚ್ಚರಿಕೆ: ಚೌಕ ಕಾಂಡ ಇದ್ದದ್ದೆಲ್ಲ ಪುದೀನದ ನೆಂಟ ಅಂತ ಬಾಯಿಗೆ ಹಾಕಿಕೊಳ್ಳಬೇಡಿ. ಬೇಲಿ ಮೇಲಿನ ಲಂಟಾನಕ್ಕೂ ಚೌಕ ಕಾಂಡ, ಎದುರುಬದುರು ಎಲೆ, ಜೊತೆಗೆ ಘಾಟು ವಾಸನೆ. ಅದು ವಿಷ, ದನಕ್ಕೂ ಆಗುವುದಿಲ್ಲ. ಕಾಯಿ ನೋಡಿ ಬೇರೆ ಮಾಡಬಹುದು. ಲಂಟಾನಕ್ಕೆ ಕಪ್ಪು ಹಣ್ಣಿನ ಗೊಂಚಲು. ತುಳಸಿ, ತುಂಬೆ, ಪುದೀನದ ಬಳಗದಲ್ಲಿ ಹೂ ಉದುರಿದ ಮೇಲೆ ಪುಟ್ಟ ಬಟ್ಟಲಿನ ತಳದಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ಕಾಳು ಕೂತಿರುತ್ತವೆ. ಒಣಗಿದ ತುಳಸಿ ತೆನೆಯಿಂದ ಒಂದು ಬಟ್ಟಲು ಕಿತ್ತು ಅಂಗೈ ಮೇಲೆ ಉಜ್ಜಿ, ಕಾಣುತ್ತದೆ.

ತಂಬುಳಿ ಪ್ರಿಯೆ, ಸಾಗರ

ಹೆಸರು ಏನಾದರೂ ಇರಲಿ. ಅಡುಗೆಯಲ್ಲಿ ಇವು ಒಂದಕ್ಕೊಂದು ಬದಲಿ ಅಲ್ಲ. ಮೊನ್ನೆ ಒಂದು ವಿಡಿಯೋದಲ್ಲಿ "ದೊಡ್ಡಪತ್ರೆ ಸಿಗದಿದ್ದರೆ ಪುದೀನ ಹಾಕಿ" ಅಂತ ತಂಬುಳಿ ಮಾಡಿ ತೋರಿಸುತ್ತಿದ್ದರು. ಮೈ ಉರಿದು ಹೋಯಿತು.

ದೊಡ್ಡಪತ್ರೆ ಎಲೆ ದಪ್ಪ, ಮೈ ಮೇಲೆ ಮೃದು ರೋಮ. ಮುರಿದರೆ ಪಟ್ ಅಂತ ಸದ್ದು ಬಂದು ನೀರು ಜಿನುಗುತ್ತದೆ. ಹಸಿ ಎಲೆ ಬಾಯಿಗೆ ಖಾರ ಮತ್ತು ಒಗರು. ಅದಕ್ಕೇ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹಾಕಿ, ಎಲೆ ಬಣ್ಣ ತಿರುಗಿ ಬಾಡುವ ತನಕ ಹುರಿದು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕಲೆಸುವುದು. ಹುರಿದರೂ ಅದರ ಘಮ ಹೋಗುವುದಿಲ್ಲ. ಪುದೀನವನ್ನು ಹಾಗೆ ಹುರಿದು ನೋಡಿ, ಎಲೆ ಕಪ್ಪಾಗಿ ಅರ್ಧ ಪರಿಮಳ ಒಗ್ಗರಣೆ ಹೊಗೆ ಜೊತೆ ಹೋಗಿರುತ್ತದೆ. ಪುದೀನ ಚಟ್ನಿಗೆ ಹಸಿ ಎಲೆಯೇ ಚೆಂದ, ಇಲ್ಲವೇ ಬಾಣಲೆ ಬಿಸಿಗೆ ಒಂದು ಸುತ್ತು ಸಾಕು.

ದೊಡ್ಡಪತ್ರೆ ವಾಸನೆ ನನಗೆ ಯಾವಾಗಲೂ ಓಮದ ಹಾಗೆ ಅನಿಸುತ್ತದೆ. ಮೇಷ್ಟ್ರೇ, ಓಮವೂ ಈ ಕುಟುಂಬವೇ?

ಸಸ್ಯದ ಮೇಷ್ಟ್ರು, ಧಾರವಾಡ

ಅಲ್ಲ ತಾಯಿ. ಓಮ ಕೊತ್ತಂಬರಿ, ಜೀರಿಗೆ, ಸಬ್ಬಸಿಗೆ ಕುಟುಂಬದ್ದು. ಕೊಡೆ ಬಿಚ್ಚಿದ ಹಾಗೆ ಹೂಗೊಂಚಲು ಬಿಡುವ ಬಳಗ. ಪುದೀನದ ನೆಂಟಸ್ತನ ಅದಕ್ಕಿಲ್ಲ. ಆದರೆ ನಿಮ್ಮ ಮೂಗು ತಪ್ಪಿಲ್ಲ. ಓಮದ ವಾಸನೆಗೆ ಥೈಮಾಲ್ ಎಂಬ ರಾಸಾಯನಿಕ ಕಾರಣ. ದೊಡ್ಡಪತ್ರೆಯಲ್ಲಿ ಅದೂ ಇರುತ್ತದೆ, ಅದರ ಅವಳಿಯಂಥ ಕಾರ್ವಕ್ರಾಲ್ ಕೂಡ ಇರುತ್ತದೆ. ಪಿಜ್ಜಾ ಮೇಲೆ ಉದುರಿಸುವ ಒರೆಗಾನೊದ ಘಾಟೂ ಕಾರ್ವಕ್ರಾಲ್‌ನದೇ. ಹಾಗಾಗಿಯೇ ದೊಡ್ಡಪತ್ರೆಗೆ ಕ್ಯೂಬನ್ ಒರೆಗಾನೊ ಅಂತ ಹೆಸರು ಬಿದ್ದಿದೆ.

ತುಳಸಿಯದೂ ಇದೇ ಕಥೆ. ಅದರಲ್ಲಿರುವುದು ಯೂಜಿನಾಲ್, ಲವಂಗದಲ್ಲಿ ಇರುವಂಥದ್ದು. ಲವಂಗ ನೇರಳೆ ಮರದ ಕುಟುಂಬ. ಮೂಗು ಹೇಳುವ ನೆಂಟಸ್ತನ ಬೇರೆ, ಗಿಡದ ವಂಶಾವಳಿ ಬೇರೆ.

ರೈನ್ ತೀರ, ಜರ್ಮನಿ

ನಾನು ಇಲ್ಲಿ ಒಂದು ವಿಷಯ ಸೇರಿಸುತ್ತೇನೆ. ಈ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಕುಂಡದ ಸಮೇತ ಪೆಪ್ಪರ್‌ಮಿಂಟ್ ಸಿಗುತ್ತದೆ. ಇಲ್ಲಿಯವರಿಗೆ ಮಿಂಟ್ ಅಂದರೆ ಮೊದಲು ಅದೇ. ನೆಗಡಿ ಬಂದರೂ, ಹೊಟ್ಟೆ ಕೆಟ್ಟರೂ ಅದರ ಟೀ. ನಮ್ಮ ರೂಮಿಗೆ ಹೊಸದಾಗಿ ಬಂದ ಹುಬ್ಬಳ್ಳಿ ಹುಡುಗ ಅದನ್ನೇ ತಂದು ಚಟ್ನಿ ಅರೆದ. ಇಡ್ಲಿ ಜೊತೆ ಟೂತ್‌ಪೇಸ್ಟ್ ತಿಂದ ಅನುಭವ ಎಲ್ಲರಿಗೂ ಆಯಿತು. ಗಂಟಲು ತಣ್ಣಗೆ, ಕಣ್ಣಲ್ಲಿ ನೀರು.

ಈಗ ನಾವು ತುರ್ಕಿ, ಅರಬ್ ಅಂಗಡಿಗೆ ಹೋಗಿ 'ನಾನಾ' ಅಂತ ಕೇಳುತ್ತೇವೆ. ಮೊರಾಕೋದವರು ಟೀಗೆ ಹಾಕುವ ಸೊಪ್ಪು. ಊರಿನ ಪುದೀನದ ರುಚಿಯೇ.

ಸಸ್ಯದ ಮೇಷ್ಟ್ರು, ಧಾರವಾಡ

ಆ ಹುಬ್ಬಳ್ಳಿ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ. ನಾನು ತರಗತಿಯಲ್ಲಿ ಒಂದು ಗಂಟೆ ಹೇಳುತ್ತಿದ್ದುದನ್ನು ಒಂದು ಚಟ್ನಿಯಲ್ಲಿ ಹೇಳಿದ್ದಾನೆ.

ನಮ್ಮ ಅಡುಗೆಯ ಪುದೀನದಲ್ಲಿ ತಂಪು ಕೊಡುವ ಮೆಂಥಾಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರ ಪರಿಮಳ ಕಾರ್ವೋನ್‌ನದು. ಪೆಪ್ಪರ್‌ಮಿಂಟ್‌ನಲ್ಲಿ ಮೆಂಥಾಲ್ ಜಾಸ್ತಿ. ಅಮೃತಾಂಜನದಂಥ ನೋವಿನ ಮುಲಾಮು, ಕೆಮ್ಮಿನ ಗುಳಿಗೆ, ಟೂತ್‌ಪೇಸ್ಟ್, ಪಾನ್ ಮಸಾಲೆ ಎಲ್ಲದರ ತಂಪೂ ಮೆಂಥಾಲ್. ತಂಪು ಅನ್ನುತ್ತೇವೆ ನಿಜ, ಆದರೆ ಥರ್ಮಾಮೀಟರ್ ಇಟ್ಟರೆ ಬಾಯಿಯ ಬಿಸಿ ಇಳಿದಿರುವುದಿಲ್ಲ. ಚಳಿಯನ್ನು ಗುರುತಿಸುವ ನರದ ತುದಿಯಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಬಾಗಿಲು ಇದೆ. ನಿಜವಾದ ಚಳಿ ಅದನ್ನು ತೆರೆಯುತ್ತದೆ, ಮೆಂಥಾಲ್ ಕೂಡ ತೆರೆಯುತ್ತದೆ. ಮಿದುಳಿಗೆ ಹೋಗುವ ಸುದ್ದಿ ಎರಡಕ್ಕೂ ಒಂದೇ. 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಮೆಂಥಾಲ್ ಬಳಸಿಯೇ ಹುಡುಕಿದ್ದು. 2021ರ ವೈದ್ಯಕೀಯ ನೊಬೆಲ್ ಇವರಿಬ್ಬರಿಗೆ ಬಂತು, ಬಿಸಿ, ಚಳಿ ಮತ್ತು ಸ್ಪರ್ಶವನ್ನು ದೇಹ ಹೇಗೆ ಅರಿಯುತ್ತದೆ ಎಂಬ ಕೆಲಸಕ್ಕೆ.

ಕಾರ್ವೋನ್‌ದು ಇನ್ನೂ ಮಜಾ. ಇದರ ಅಣು ಎರಡು ರೂಪದಲ್ಲಿರುತ್ತದೆ, ಎಡಗೈ ಬಲಗೈ ಇದ್ದ ಹಾಗೆ. ಪರಮಾಣುಗಳು ಅವೇ, ಜೋಡಣೆಯೂ ಅದೇ, ಒಂದು ಇನ್ನೊಂದರ ಕನ್ನಡಿ ಬಿಂಬ ಅಷ್ಟೇ. ಒಂದು ರೂಪ ಪುದೀನದಲ್ಲಿದೆ. ಇನ್ನೊಂದು ಸಬ್ಬಸಿಗೆ ಬೀಜದಲ್ಲಿದೆ. ಮೂಗಿಗೆ ಮಾತ್ರ ಎರಡೂ ಬೇರೆ ಬೇರೆ. ಸಬ್ಬಸಿಗೆ ಕಾಳು ಅಗಿದಾಗ ಯಾರಿಗೂ ಪುದೀನ ನೆನಪಾಗುವುದಿಲ್ಲ, ಅಲ್ವಾ?

ಬಾಲ್ಕನಿ ತೋಟ, ಬೆಂಗಳೂರು

ಅಯ್ಯೋ ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಸರಿ, ನನ್ನ ಎರಡು ಸಸಿಯಲ್ಲಿ ಯಾವುದು ಯಾವುದು ಅಂತ ಗೊತ್ತಾಗುವುದು ಹೇಗೆ? ಚೀಟಿ ನಂಬಿಕೆ ಹೋಗಿದೆ.

ಸಸ್ಯದ ಮೇಷ್ಟ್ರು, ಧಾರವಾಡ

ಎಲೆ ಕಾಂಡಕ್ಕೆ ಸೇರುವ ಜಾಗ ನೋಡಿ. ಸ್ಪಿಯರ್‌ಮಿಂಟ್ ಎಲೆಗೆ ತೊಟ್ಟು ಇಲ್ಲ ಅನ್ನಬಹುದು, ಎಲೆ ನೇರವಾಗಿ ಕಾಂಡಕ್ಕೇ ಕೂತಿರುತ್ತದೆ. ಬಣ್ಣ ತಿಳಿ ಹಸಿರು, ಮೇಲ್ಮೈ ಸುಕ್ಕು. ಪೆಪ್ಪರ್‌ಮಿಂಟ್ ಎಲೆಗೆ ಸ್ಪಷ್ಟವಾಗಿ ಪುಟ್ಟ ತೊಟ್ಟು ಇರುತ್ತದೆ. ಎಲೆ ಕಡು ಹಸಿರು, ಕಾಂಡದಲ್ಲಿ ಹಲವು ಸಲ ನೇರಳೆ ಛಾಯೆ.

ಆಮೇಲೆ ಒಂದು ಎಲೆ ತೊಳೆದು ಅಗಿದು, ಬಾಯಿ ತೆರೆದು ಗಾಳಿ ಒಳಗೆ ಎಳೆದುಕೊಳ್ಳಿ. ಜುಮ್ ಅಂತ ತಣ್ಣಗಾದರೆ ಮೆಂಥಾಲ್ ಇದೆ. ಬರೀ ಸಿಹಿ ಪರಿಮಳ ಬಂದರೆ ಕಾರ್ವೋನ್. ಹೂ ಬಂದರೆ ಇನ್ನೂ ಸುಲಭ, ಆದರೆ ನೀವು ಅದಕ್ಕೆ ಕಾಯಬೇಡಿ. ಈ ಗಿಡಗಳು ಹಗಲು ಉದ್ದ ಆದಾಗ ಹೂ ಬಿಡುವಂಥವು. ಬೆಂಗಳೂರಿನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಯುರೋಪಿನಲ್ಲಿ ಜೂನ್ ತಿಂಗಳಲ್ಲಿ 16 ಗಂಟೆ ಬೆಳಕು. ನಮ್ಮಲ್ಲಿ ಪುದೀನದ ಹೂ ಅಪರೂಪ.

ಬಾಲ್ಕನಿ ತೋಟ, ಬೆಂಗಳೂರು

ನೋಡಿದೆ. ಎರಡರಲ್ಲೂ ತೊಟ್ಟಿಲ್ಲ. ಎರಡೂ ತಣ್ಣಗಾಗಲಿಲ್ಲ.

ಕಬ್ಬಿನ ಗದ್ದೆ, ಮಂಡ್ಯ

ಅಂದರೆ ಎರಡೂ ಮಾರ್ಕೆಟ್ ಪುದೀನ. ಹತ್ತು ರೂಪಾಯಿ ಕಟ್ಟು. 😄

ಬೀಜದ ಪೊಟ್ಟಣ, ಮೈಸೂರು

ಅದಕ್ಕಿಂತ ದೊಡ್ಡ ತಮಾಷೆ ಪೆಪ್ಪರ್‌ಮಿಂಟ್ ಬೀಜದ ಪೊಟ್ಟಣಗಳದು. ಆನ್‌ಲೈನ್‌ನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ, ಮೇಲೆ ಚೆಂದದ ಫೋಟೋ ಬೇರೆ. ಪೆಪ್ಪರ್‌ಮಿಂಟ್ ಬಂಜೆ ಗಿಡ, ಬೀಜವೇ ಕಟ್ಟುವುದಿಲ್ಲ ಅಂತ ಕೇಳಿದ್ದೇನೆ. ಸರಿನಾ ಮೇಷ್ಟ್ರೇ?

ಸಸ್ಯದ ಮೇಷ್ಟ್ರು, ಧಾರವಾಡ

ಸರಿ. ಪೆಪ್ಪರ್‌ಮಿಂಟ್ ಒಂದು ಮಿಶ್ರತಳಿ. ತಾಯಿ ತಂದೆ ಅಂದರೆ ನೀರಂಚಿನಲ್ಲಿ ಬೆಳೆಯುವ ಮೆಂಥಾ ಅಕ್ವಾಟಿಕಾ ಮತ್ತು ನಮ್ಮ ಪುದೀನ ಮೆಂಥಾ ಸ್ಪೈಕೇಟಾ. ಒಂದಕ್ಕೆ 96 ವರ್ಣತಂತುಗಳು, ಇನ್ನೊಂದಕ್ಕೆ 48. ಮಗುವಿಗೆ ಅರ್ಧರ್ಧ ಸೇರಿ 72. ಆ 72 ಸರಿಯಾಗಿ ಜೋಡಿಯಾಗುವುದಿಲ್ಲ, ಹಾಗಾಗಿ ಬೀಜ ಇಲ್ಲ. ಇಂಗ್ಲೆಂಡಿನಲ್ಲಿ 17ನೇ ಶತಮಾನದ ಕೊನೆಗೆ ಜಾನ್ ರೇ ಇದನ್ನು ಬೇರೆ ಗಿಡ ಅಂತ ಬರೆದಿಟ್ಟರು. 1753ರಲ್ಲಿ ಲಿನೇಯಸ್ ಇದೂ ಒಂದು ಜಾತಿ ಅಂತಲೇ ಹೆಸರು ಕೊಟ್ಟರು. ಮಿಶ್ರತಳಿ ಅಂತ ಗೊತ್ತಾದದ್ದು ಆಮೇಲೆ. ಆಗಿನಿಂದ ಈಗಿನವರೆಗೂ ಕಡ್ಡಿಯಿಂದ ಕಡ್ಡಿಗೆ, ಬೇರಿನಿಂದ ಬೇರಿಗೆ ಬಂದಿರುವ ಗಿಡ ಅದು.

ಪೊಟ್ಟಣದಲ್ಲಿರುವ ಬೀಜ ಮೊಳೆತರೆ ಅದು ಪೆಪ್ಪರ್‌ಮಿಂಟ್ ಅಲ್ಲ. ಇಷ್ಟು ಧೈರ್ಯವಾಗಿ ಹೇಳಬಹುದು.

ಹಳೇ ಮಿಠಾಯಿ, ಬಳ್ಳಾರಿ

ನಮ್ಮ ಕಡೆ ಪೆಪ್ಪರ್‌ಮೆಂಟ್ ಅಂದರೆ ಗಿಡ ಅಂತ ಯಾರಿಗೂ ಗೊತ್ತಿರಲಿಲ್ಲ. ಗಾಜಿನ ಬಾಟಲಿಯಲ್ಲಿ ಇರುತ್ತಿದ್ದದ್ದೆಲ್ಲ ಪೆಪ್ಪರ್‌ಮೆಂಟೇ. ಕಿತ್ತಳೆ ತೊಳೆಯದೂ ಪೆಪ್ಪರ್‌ಮೆಂಟ್, ಹುಣಸೆದೂ ಪೆಪ್ಪರ್‌ಮೆಂಟ್.

ಪದಬಂಧ ಪ್ರೇಮಿ

ಮಧ್ಯೆ ಬಾಯಿ ಹಾಕುತ್ತೇನೆ. ನಾಣ್ಯ ಅಚ್ಚು ಹಾಕುವ ಟಂಕಸಾಲೆಗೂ ಇಂಗ್ಲಿಷ್‌ನಲ್ಲಿ ಮಿಂಟ್ ಅಂತಾರೆ. ಅದು ಲ್ಯಾಟಿನ್‌ನ ಮೊನೇಟಾದಿಂದ ಬಂದದ್ದು, ಸೊಪ್ಪಿನ ಮಿಂಟ್ ಗ್ರೀಕ್‌ನ ಮಿಂಥೆಯಿಂದ. ಗ್ರೀಕರ ಕಥೆಯಲ್ಲಿ ಮಿಂಥೆ ಒಬ್ಬ ಅಪ್ಸರೆ. ಪಾತಾಳದ ಒಡೆಯ ಹೇಡಿಸ್ ಅವಳಿಗೆ ಮನಸೋತ. ಅವನ ಹೆಂಡತಿ ಪರ್ಸಿಫೋನಿ ಸಿಟ್ಟಿನಲ್ಲಿ ಅವಳನ್ನು ತುಳಿದು ಗಿಡ ಮಾಡಿದಳಂತೆ. ತುಳಿದಷ್ಟೂ ಪರಿಮಳ. ನಮ್ಮ ಪುದೀನ ಫಾರಸಿ ಕಡೆಯಿಂದ ಬಂದ ಹೆಸರು. ಗಿಡಮೂಲಿಕೆಯ ಹಳೆಯ ಪಟ್ಟಿಗಳಲ್ಲಿ ಕನ್ನಡಕ್ಕೆ 'ಚಟ್ನಿ ಮರುಗ' ಅಂತಲೂ ಇದೆ. ನನಗೆ ಆ ಹೆಸರೇ ಇಷ್ಟ. ಮರುಗದ ನೆಂಟ, ಚಟ್ನಿಗೆ ಬರುತ್ತದೆ, ಮುಗಿಯಿತು.

ಸೊಪ್ಪಿನ ಮಡಿ, ಕೋಲಾರ

ಬೆಳೆಯುವವರ ಕಡೆಯಿಂದ ಎರಡು ಮಾತು. ನಾವು ಪುದೀನಕ್ಕೆ ಬೀಜ ತಂದದ್ದೇ ಇಲ್ಲ. ಹಳೇ ಮಡಿಯ ಬೇರು ಸಮೇತದ ಕಡ್ಡಿ ಕಿತ್ತು ಹೊಸ ಮಡಿಗೆ ಊರುವುದು. ಎರಡು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದೊಂದು. ನೆಲದಡಿ ಬೇರುಕಾಂಡ ಓಡುತ್ತಲೇ ಇರುತ್ತದೆ. ಅದಕ್ಕೇ ಮನೆಯಲ್ಲಿ ಬೆಳೆಯುವವರು ಬೇರೆ ಗಿಡದ ಕುಂಡಕ್ಕೆ ಹಾಕಬೇಡಿ, ಮೂರು ತಿಂಗಳಲ್ಲಿ ಆ ಕುಂಡ ಅದರದ್ದೇ. ಅಗಲದ ಬೇರೆ ಕುಂಡ, ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು, ಮಣ್ಣು ಒಣಗದ ಹಾಗೆ ನೀರು.

ಎಲೆ ಅಡಿಯಲ್ಲಿ ಕಿತ್ತಳೆ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ನೆಲಮಟ್ಟಕ್ಕೆ ಕತ್ತರಿಸಿ ಸೊಪ್ಪು ದೂರ ಹಾಕಿ. ಮತ್ತೆ ಚಿಗುರುತ್ತದೆ.

ದೊಡ್ಡಪತ್ರೆಗೆ ಇದರ ಉಲ್ಟಾ. ಜಾಸ್ತಿ ನೀರು ಹಾಕಿದರೆ ಬುಡ ಕೊಳೆಯುತ್ತದೆ. ಎರಡೂ ಮಿಂಟ್ ಅಂತ ಒಂದೇ ತೊಟ್ಟಿಗೆ ಹಾಕಿದರೆ ಒಂದು ಸಾಯುವುದು ಖಂಡಿತ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಮೆಂಥಾಲ್ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಕೆಲಸದ ಮೇಲೆ ಉತ್ತರ ಪ್ರದೇಶದ ಬಾರಾಬಂಕಿ ಕಡೆ ಇದ್ದೆ. ಅಲ್ಲಿ ರೈತರು 'ಮೆಂಥಾ' ಅನ್ನುವ ಬೆಳೆ ನಮ್ಮ ಪುದೀನವೂ ಅಲ್ಲ, ಪೆಪ್ಪರ್‌ಮಿಂಟೂ ಅಲ್ಲ. ಅದು ಜಪಾನಿ ಪುದೀನ, ಮೆಂಥಾ ಆರ್ವೆನ್ಸಿಸ್ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಎಣ್ಣೆಯ ಮುಕ್ಕಾಲು ಭಾಗದಷ್ಟು ಮೆಂಥಾಲ್. ಒಂದು ಎಲೆ ಅಗಿದರೆ ನಾಲಿಗೆ ತಣ್ಣಗಾಗಿ ಆಮೇಲೆ ಕಹಿ ಹಿಡಿಯುತ್ತದೆ, ಚಟ್ನಿಗೆ ಬರುವುದಿಲ್ಲ.

ಫೆಬ್ರವರಿ ಆಸುಪಾಸು ಬೇರುಕಾಂಡ ನೆಡುತ್ತಾರೆ. ಆಲೂಗಡ್ಡೆ, ಸಾಸಿವೆ ಎದ್ದ ಹೊಲಕ್ಕೆ. ಭತ್ತದ ನಾಟಿಗೆ ಮುಂಚೆ, ಮೇ ಜೂನ್‌ನಲ್ಲಿ ಕೊಯ್ಲು. ಕೊಯ್ದದ್ದನ್ನು ಅರ್ಧ ದಿನ ಬಾಡಿಸಿ ಹೊಲದ ಪಕ್ಕದ ಭಟ್ಟಿಗೆ ತುಂಬುತ್ತಾರೆ. ದೊಡ್ಡ ಕಬ್ಬಿಣದ ಹಂಡೆ, ಕೆಳಗೆ ಬೆಂಕಿ. ಎಣ್ಣೆ ತೆಗೆದ ಹಳೇ ಸೊಪ್ಪನ್ನೇ ಒಣಗಿಸಿ ಆ ಬೆಂಕಿಗೆ ಹಾಕುತ್ತಾರೆ. ಆವಿ ಕೊಳವೆಯಲ್ಲಿ ಹಾಯ್ದು ನೀರಿನ ತೊಟ್ಟಿಯಲ್ಲಿ ತಣ್ಣಗಾಗಿ ಡಬ್ಬಕ್ಕೆ ಇಳಿಯುತ್ತದೆ. ಎಣ್ಣೆ ಮೇಲೆ ತೇಲುತ್ತದೆ. ಜೂನ್ ತಿಂಗಳಲ್ಲಿ ಊರಿಗೆ ಊರೇ ಕೆಮ್ಮಿನ ಗುಳಿಗೆ ವಾಸನೆ. ಮಳೆ ಬೇಗ ಬಂದು ಹೊಲದಲ್ಲಿ ನೀರು ನಿಂತರೆ ಎಣ್ಣೆ ಕಡಿಮೆ, ರೈತರ ಮುಖ ನೋಡಲಾಗುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಆ ಎಣ್ಣೆಯನ್ನು ತಣಿಸಿದರೆ ಮೆಂಥಾಲ್ ಸೂಜಿಯಂಥ ಹರಳಾಗಿ ಕೂರುತ್ತದೆ. ಲಕ್ನೋದ ಸಿಮ್ಯಾಪ್ ಸಂಸ್ಥೆ 'ಕೋಸಿ' ಮುಂತಾದ ತಳಿ ಕೊಟ್ಟ ಮೇಲೆ ಈ ಬೆಳೆ ಹಬ್ಬಿತು. ಈಗ ಜಗತ್ತಿಗೆ ಈ ಎಣ್ಣೆಯನ್ನು ಅತಿ ಹೆಚ್ಚು ಕೊಡುವುದು ಭಾರತ. ಚಿನ್ನ, ಹತ್ತಿ ಥರ ಎಂಸಿಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದಲ್ಲಿ ಮೆಂಥಾ ಎಣ್ಣೆಯ ವಾಯಿದೆ ವ್ಯಾಪಾರವೂ ನಡೆದಿದೆ.

ಸಸ್ಯದ ಮೇಷ್ಟ್ರು, ಧಾರವಾಡ

ಒಳ್ಳೆಯ ಮಾಹಿತಿ ಸರ್. ಆ ಗಿಡವನ್ನು ಹೂವಿನಲ್ಲಿ ಗುರುತಿಸುವುದು ಬಲು ಸುಲಭ. ಪುದೀನ, ಪೆಪ್ಪರ್‌ಮಿಂಟ್ ಎರಡಕ್ಕೂ ಕೊಂಬೆಯ ತುದಿಯಲ್ಲಿ ತೆನೆ. ಆರ್ವೆನ್ಸಿಸ್‌ಗೆ ತುದಿಯಲ್ಲಿ ತೆನೆ ಇರುವುದಿಲ್ಲ. ಎಲೆ ಜೋಡಿಯ ಕಂಕುಳಲ್ಲಿ, ಗೆಣ್ಣು ಗೆಣ್ಣಿಗೂ ಹೂವಿನ ಉಂಡೆ.

ಈ ಎಣ್ಣೆ ಬೆಳೆಗೆ ಪೈಪೋಟಿಯೂ ಇದೆ. ಮೆಂಥಾಲನ್ನು ಕಾರ್ಖಾನೆಯಲ್ಲಿ ಗಿಡವಿಲ್ಲದೆಯೂ ಮಾಡುತ್ತಾರೆ. ಜಪಾನಿನ ತಕಸಾಗೊ ಕಂಪನಿಯ ವಿಧಾನದ ಹಿಂದೆ ರ್‍ಯೋಜಿ ನೊಯೋರಿ ಅವರ ಕೆಲಸ ಇತ್ತು. ಅವರಿಗೆ 2001ರ ರಸಾಯನಶಾಸ್ತ್ರ ನೊಬೆಲ್ ಬಂತು. ಮೆಂಥಾಲ್‌ಗೂ ಕನ್ನಡಿ ಬಿಂಬಗಳಿವೆ, ಬೇಕಾದ ಒಂದನ್ನೇ ಮಾಡುವುದು ಅಲ್ಲಿನ ಜಾಣತನ.

ಹೊಸ ಅಮ್ಮ, ತುಮಕೂರು

ನನ್ನ ಮಗುವಿಗೆ ಎಂಟು ತಿಂಗಳು. ನೆಗಡಿ ಆಗಿದೆ. ದೊಡ್ಡಪತ್ರೆ ಬಾಡಿಸಿ ರಸ ತೆಗೆದು ಜೇನುತುಪ್ಪದಲ್ಲಿ ನೆಕ್ಕಿಸು ಅಂತ ಅಜ್ಜಿ ಹೇಳುತ್ತಿದ್ದಾರೆ. ಪಕ್ಕದ ಮನೆ ಆಂಟಿ ಪೆಪ್ಪರ್‌ಮಿಂಟ್ ಎಣ್ಣೆ ಕೊಟ್ಟು ಮೂಗಿನ ಹತ್ತಿರ ಸವರು ಅಂದರು. ಎರಡೂ ಗಿಡಮೂಲಿಕೆ ತಾನೇ, ಪರವಾಗಿಲ್ವಾ?

ರಾತ್ರಿ ಪಾಳಿ, ಮಕ್ಕಳ ವಾರ್ಡ್

ಬೇಡ ಅಕ್ಕ, ಎರಡೂ ಬೇಡ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ಬೀಜಕಣ ಅಷ್ಟು ಚಿಕ್ಕ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡಬಲ್ಲದು. ಒಂದು ಹನಿಯೂ ಬೇಡ.

ಪೆಪ್ಪರ್‌ಮಿಂಟ್ ಎಣ್ಣೆ, ಮೆಂಥಾಲ್, ಕರ್ಪೂರ ಇರುವ ಮುಲಾಮುಗಳನ್ನು ಚಿಕ್ಕ ಮಕ್ಕಳ ಮೂಗು ಮುಖದ ಹತ್ತಿರ ತರಬೇಡಿ. ಆ ಘಾಟಿಗೆ ಮಗುವಿನ ಉಸಿರು ಕಟ್ಟುವ ಹಾಗೆ ಗಂಟಲು ಬಿಗಿಯಬಹುದು. ಮನೆಯಲ್ಲಿ ಅಮೃತಧಾರೆ ಥರದ್ದು ಇದ್ದರೆ ಅದನ್ನೂ ಎತ್ತರದಲ್ಲಿಡಿ. ಅದರಲ್ಲಿರುವ ಮೆಂಥಾಲ್ ಹರಳು, ಓಮದ ಹೂ (ಅಂದರೆ ಥೈಮಾಲ್ ಹರಳು), ಕರ್ಪೂರ ಮೂರೂ ಗಟ್ಟಿ ಪದಾರ್ಥ, ಕಲೆಸಿದರೆ ತಾವೇ ಕರಗಿ ನೀರಾಗುತ್ತವೆ. ನೋಡೋಕೆ ನೀರಿನ ಹಾಗೇ ಇರುತ್ತದೆ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ.

ಮಗು ಹಾಲು ಕುಡಿಯುತ್ತಿದ್ದರೆ, ಉಸಿರಾಟ ಸಲೀಸಾಗಿದ್ದರೆ ಗಾಬರಿ ಬೇಡ. ಮೂಗು ಕಟ್ಟಿದರೆ ಔಷಧಿ ಅಂಗಡಿಯ ಸಲೈನ್ ಹನಿ ಸಾಕು. ಪಕ್ಕೆ ಒಳಗೆ ಹೋಗಿ ಉಸಿರು ಎಳೆಯುತ್ತಿದ್ದರೆ, ಹಾಲು ಬಿಟ್ಟರೆ, ಜ್ವರ ಇದ್ದರೆ ಡಾಕ್ಟರ ಹತ್ತಿರ ಹೋಗಿ.

ಹೊಸ ಅಮ್ಮ, ತುಮಕೂರು

ತುಂಬಾ ಥ್ಯಾಂಕ್ಸ್. ಹಾಲು ಕುಡಿಯುತ್ತಿದ್ದಾನೆ. ಅಜ್ಜಿಗೆ ಓದಿ ಹೇಳಿದೆ, "ನಾವೆಲ್ಲ ನೆಕ್ಕಿಯೇ ಬೆಳೆದದ್ದು" ಅಂತ ಮುಖ ತಿರುಗಿಸಿದ್ದಾರೆ. ಇರಲಿ.

ಸಸ್ಯದ ಮೇಷ್ಟ್ರು, ಧಾರವಾಡ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಜವಾದ ಮೆಂಥಾ ಕುಲದಲ್ಲೇ ವಿಷದ್ದೂ ಇದೆ. ಪೆನಿರಾಯಲ್, ಮೆಂಥಾ ಪುಲೀಜಿಯಂ, ಯುರೋಪಿನ ಗಿಡ. ಅದರ 'ಪುಲಿಗೋನ್' ಲಿವರ್ ಹಾಳು ಮಾಡುತ್ತದೆ, ಅದರ ಎಣ್ಣೆ ಕುಡಿದು ಸತ್ತವರಿದ್ದಾರೆ. ಮಿಂಟ್ ಎಣ್ಣೆ ಅಂತ ಆನ್‌ಲೈನ್‌ನಲ್ಲಿ ಕಂಡದ್ದನ್ನೆಲ್ಲ ತರಿಸಿ ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಎದೆಯುರಿ ಇರುವವರು ಪೆಪ್ಪರ್‌ಮಿಂಟ್ ಎಣ್ಣೆ ಗುಳಿಗೆಯನ್ನೂ ಕೇಳದೆ ನುಂಗಬೇಡಿ, ಉರಿ ಜಾಸ್ತಿ ಆಗುವುದುಂಟು. ಚಟ್ನಿಯ ಪುದೀನಕ್ಕೆ ಈ ಯಾವ ಭಯವೂ ಇಲ್ಲ.

ದೊನ್ನೆ ಅಭಿಮಾನಿ, ಬೆಂಗಳೂರು

ಅಬ್ಬಾ, ಕೊನೆಗೂ ಒಂದು ಒಳ್ಳೆ ಮಾತು. ದೊನ್ನೆ ಬಿರಿಯಾನಿಯ ಹಸಿರು ಮಸಾಲೆಗೆ ಪುದೀನ, ಕೊತ್ತಂಬರಿ ಬಿಟ್ಟು ಬೇರೇನಾದರೂ ಹಾಕುವವರನ್ನು ಈ ಗುಂಪಿನಿಂದ ತೆಗೆಯಬೇಕು ಅಂತ ನನ್ನ ಮನವಿ.

ಹೂವಿನ ಬುಟ್ಟಿ, ಮೈಸೂರು

ನನ್ನದೊಂದು ಪ್ರಶ್ನೆ ಉಳಿದಿದೆ. ನಾವು ಹೂ ಕಟ್ಟುವಾಗ ಮಧ್ಯೆ ಮಧ್ಯೆ ಮರುಗ, ದವನ, ಪಚ್ಚೆತೆನೆ ಸೇರಿಸುತ್ತೇವೆ. ಮರುಗ, ಪಚ್ಚೆತೆನೆ ಪುದೀನದ ಕುಟುಂಬ ಅಂತ ಮೇಷ್ಟ್ರು ಮೊದಲೇ ಹೇಳಿದರು. ದವನದ ಹೆಸರು ಹೇಳಲಿಲ್ಲ. ಮರೆತಿರಾ?

ಸಸ್ಯದ ಮೇಷ್ಟ್ರು, ಧಾರವಾಡ

ಮರೆತಿಲ್ಲಮ್ಮ, ದವನ ಆ ಮನೆಯದ್ದಲ್ಲ. ಅದು ಸೇವಂತಿಗೆ, ಸೂರ್ಯಕಾಂತಿ ಕುಟುಂಬ. ಕಾಂಡ ಹೊರಳಿಸಿ ನೋಡಿ, ಮೂಲೆ ಸಿಗುವುದಿಲ್ಲ. ಎಲೆ ಎದುರುಬದುರು ಇರದೆ ಒಂದಾದ ಮೇಲೆ ಒಂದು ಬರುತ್ತದೆ, ಸೀಳು ಸೀಳಾಗಿ ಬೂದಿ ಬಣ್ಣದಲ್ಲಿ ಇರುತ್ತದೆ. ಮರುಗದ ಎಲೆ ಪುಟ್ಟದು, ಇಡಿಯಾಗಿ ದುಂಡಗೆ, ಜೋಡಿ ಜೋಡಿ. ಪಿಜ್ಜಾದ ಒರೆಗಾನೊ ಮತ್ತು ಮರುಗ ಎರಡೂ ಒಂದೇ ಕುಲ, ಒರಿಗ್ಯಾನಂ. ಮುಡಿಗೆ ಮುಡಿದದ್ದನ್ನೇ ಯುರೋಪಿನವರು ಸೂಪಿಗೆ ಹಾಕುತ್ತಾರೆ.

ಹೂವಿನ ಬುಟ್ಟಿ, ಮೈಸೂರು

ಸೂಪಿಗಾ! ನಮ್ಮಮ್ಮನಿಗೆ ಹೇಳಿದರೆ ಬೈಯುತ್ತಾರೆ. ಮರುಗದ ಕಡ್ಡಿ ಪುದೀನದ ಹಾಗೆ ನೀರಲ್ಲಿಟ್ಟರೆ ಬೇರು ಬಿಡುತ್ತದಾ?

ಸೊಪ್ಪಿನ ಮಡಿ, ಕೋಲಾರ

ನೀರಲ್ಲಿ ಇಟ್ಟರೆ ಕೊಳೆಯುವುದೇ ಹೆಚ್ಚು. ಹೂ ಬಿಡದ ಎಳೆ ತುದಿ ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿಗೆ ಊರಿ. ನೆರಳಲ್ಲಿಡಿ, ಮಣ್ಣು ತೇವ ಇರಲಿ, ನೀರು ನಿಲ್ಲದಿರಲಿ. ಹೊಸ ಚಿಗುರು ಬಂದ ಮೇಲೆ ಬಿಸಿಲಿಗೆ ತನ್ನಿ. ಮಳೆಗಾಲ ಮುಗಿದ ಮೇಲೆ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ.